ಕೊಡದೊಳಗಿನ ಸೀರೆ

ಬಣದೂರಿನಲ್ಲಿ ನಲ್ಲಿಗೆ ನೀರು ಬರುತ್ತಿದ್ದದ್ದು ಎಂಟು ದಿನಕ್ಕೊಮ್ಮೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದದ್ದಕ್ಕೆಲ್ಲ ಕಾರಣ ಹುಡುಕಲು ಸಮಿತಿ ಕುಳಿತಾಗ, ಅದರ ದಪ್ಪ ವರದಿಯಲ್ಲಿ ಇದೊಂದು ಮಾತು ಎಲ್ಲೂ ಇರಲಿಲ್ಲ.

ಡಾ. ಕುಮುದಿನಿ ಹೆಬಸೂರ ಆ ಊರಿನ ಸಂಶೋಧನಾಲಯದಲ್ಲಿ ರಸಾಯನ ವಿಜ್ಞಾನಿ. ಐವತ್ತೆಂಟರ ಹೆಂಗಸು, ಒಂಟಿ ಜೀವ. ಅವಳ ಮನೆಯ ಹಿತ್ತಲಲ್ಲಿ ಕೊಳವೆಬಾವಿ ಇತ್ತು. ಹಾಗಾಗಿ ನೀರಿನ ಕಷ್ಟ ಅವಳಿಗೆ ಕೇಳಿ ಗೊತ್ತಿತ್ತೇ ಹೊರತು ಹೊತ್ತು ಗೊತ್ತಿರಲಿಲ್ಲ.

ಪ್ರಯೋಗಶಾಲೆಯ ಕಿಟಕಿ ತೆರೆದರೆ ಕಾಣುತ್ತಿದ್ದದ್ದು, ರೈಲು ಹಳಿಯಾಚೆಗಿನ ಬಾಟಲಿ ಗುಡ್ಡ. ನೀರು, ಸೋಡಾ, ಎಣ್ಣೆ ಖಾಲಿಯಾದ ಮೇಲೆ ಬಿಸಾಕಿದ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಗಳು ಮೂವತ್ತು ವರ್ಷಗಳಿಂದ ಅಲ್ಲಿ ಬಂದು ಬಿದ್ದು ಗುಡ್ಡವಾಗಿದ್ದವು. ಗಾಳಿ ಬೀಸಿದಾಗ ಸಾವಿರಾರು ಬಾಯಿಗಳಿಂದ ಗುಡ್ಡ ಸಿಳ್ಳೆ ಹಾಕುತ್ತಿತ್ತು. ಆ ಸಿಳ್ಳೆ ಕೇಳುತ್ತ ಒಂದು ದಿನ ಕುಮುದಿನಿಗೆ ಅನ್ನಿಸಿತ್ತು: ಚಹಾದಲ್ಲಿ ಸಕ್ಕರೆ ಕರಗುವಂತೆ ಈ ಬಾಟಲಿ ಮನೆಯ ಬಕೆಟಿನ ನೀರಿನಲ್ಲಿ ಕರಗಿಹೋದರೆ?

ಆ ಒಂದು ಪ್ರಶ್ನೆಗೆ ಹನ್ನೆರಡು ವರ್ಷ ಹಿಡಿಯಿತು.

ಆ ಹನ್ನೆರಡೂ ವರ್ಷ ಗಾಜಿನ ಸಾಮಾನು ತೊಳೆದುಕೊಡುತ್ತಿದ್ದವಳು ದ್ಯಾಮವ್ವ. ನಾಲ್ಕು ಗಂಟೆಗೆ ಕುಮುದಿನಿಯ ಮೇಜಿನ ಮೇಲೆ ಲಿಂಬು ಚಹಾ ಇಟ್ಟು, ಆರಬಾರದೆಂದು ಅದರ ಮೇಲೊಂದು ಬಸಿ ಮುಚ್ಚಿ ಹೋಗುವಳು. ಹಾಗೆ ಮುಚ್ಚಿಡು ಅಂತ ಯಾರೂ ಅವಳಿಗೆ ಹೇಳಿರಲಿಲ್ಲ.

"ಅಕ್ಕಾರ, ದಿನಾ ಏನ ಕುದಸ್ತೀರಿ ಅದನ್ನ?" ಎಂದು ಏಳೆಂಟು ವರ್ಷ ಕಳೆದಾಗ ಅವಳು ಒಮ್ಮೆ ಕೇಳಿದಳು. "ಇಷ್ಟ ವರ್ಷದಾಗ ನಮ್ಮನ್ಯಾಗ ನಾಕ ಮದವಿ ಅಡಗಿ ಆಗಿ, ಉಂಡ ಕೈ ತೊಳಕೊಂಡ ಹೋಗ್ತಿದ್ರ ನೋಡ್ರಿ ಬೀಗರು."

ಕುಮುದಿನಿ ನಕ್ಕು, ದ್ಯಾಮವ್ವನ ಬಳೆಗೆ ಸಿಕ್ಕಿಸಿದ್ದ ಪಿನ್ನುಗಳನ್ನು ಕೇಳಿ ತೆಗೆದುಕೊಂಡು ಒಂದಕ್ಕೊಂದು ಪೋಣಿಸಿದಳು. "ಇದು ಇಂಗಾಲದ ಸರಪಳಿ ಅಂತ ತಿಳಕೊ. ಸುತ್ತಲೂ ಹೈಡ್ರೋಜನ್ ಅಂಟಿಕೊಂಡಾವ. ಇವೆರಡ ಇದ್ರ ಅದು ಹೈಡ್ರೋಕಾರ್ಬನ್. ಸೀಮೆಎಣ್ಣಿ, ಮೇಣ, ನೀ ನೀರ ತುಂಬೋ ಪ್ಲಾಸ್ಟಿಕ್ ಕೊಡ, ಎಲ್ಲಾ ಇದ ಜಾತಿ. ಮೈಯೆಲ್ಲ ನುಣಪು. ಹಿಡಕೊಳ್ಳಾಕ ಎಲ್ಲೂ ಜಾಗಾ ಇಲ್ಲ."

"ಮತ್ತ ಬಾಟ್ಲಿ?"

"ಬಾಟ್ಲಿ ಬ್ಯಾರೆ. ಸರಪಳಿ ತುದಿಗೆ ಆಕ್ಸಿಜನ್ ಬಂದು ಕೂತ್ರ ಅಣುವಿಗೆ ಕೈ ಬಂದ ಹಾಂಗ. ಅದಕ್ಕ ನಾವು ಕ್ರಿಯಾತ್ಮಕ ಗುಂಪು ಅಂತೀವಿ. ಒಬ್ರದು ಆಮ್ಲದ ಕೈ, ಇನ್ನೊಬ್ರದು ಆಲ್ಕೋಹಾಲಿನ ಕೈ. ಎರಡೂ ಕೈ ಕೂಡಿದಾಗ ನಡುವಿಂದ ಒಂದು ಹನಿ ನೀರು ಹೊರಗ ಬೀಳತದ. ಆ ಕೂಡಿಕಿಗೆ ಎಸ್ಟರ್ ಅಂತ ಹೆಸರು. ಹಂಗ ಸಾವಿರ ಮಂದಿ ಕೈ ಕೈ ಹಿಡದು ನಿಂತ್ರ ಪಾಲಿಮರ್. ಅದ ನಮ್ಮ ಬಾಟ್ಲಿ. ನಾ ಮಾಡೋ ಕಿಣ್ವಕ್ಕ ಬರೋದು ಒಂದ ವಿದ್ಯಾ. ಆ ಕೂಡಿಕಿ ಹುಡುಕಿ, ಹೋದ ನೀರನ್ನ ವಾಪಸ್ ಕೊಟ್ಟು, ಕೈ ಬಿಡಸೋದು."

ದ್ಯಾಮವ್ವ ಪಿನ್ನುಗಳನ್ನು ಬಿಡಿಸಿ ಬಳೆಗೆ ಸಿಕ್ಕಿಸಿಕೊಂಡಳು. "ಹಿಡಕೊಂಡಾವ್ರನ್ನ ಅಷ್ಟ ಬಿಡಸಾಕ ಬರೂದು. ಕೊಡಕ್ಕ ಆ ಚಿಂತಿಲ್ಲ ಅನ್ರಿ," ಎಂದಳು.

ಅವಳ ಮಗಳು ಮಾದೇವಿ ತೀರಿಕೊಂಡು ಆಗ ಎರಡು ತಿಂಗಳಾಗಿತ್ತು. ಡೆಂಗಿ ಜ್ವರ. ಇಪ್ಪತ್ತರ ಹುಡುಗಿ, ಅಗರಬತ್ತಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಕುಮುದಿನಿ ಎರಡು ದಿನ ಆಸ್ಪತ್ರೆಯ ಬೆಂಚಿನ ಮೇಲೆ ದ್ಯಾಮವ್ವನ ಪಕ್ಕದಲ್ಲಿ ಕುಳಿತಿದ್ದಳು. ಅದನ್ನು ದ್ಯಾಮವ್ವ ಮರೆತಿರಲಿಲ್ಲ. ಮರೆತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಕುಮುದಿನಿಗೆ ಮುಂದೆ ಅನ್ನಿಸಲಿಕ್ಕಿತ್ತು.

*

ಬೇರೆ ದೇಶಗಳಲ್ಲಿ ಇಂಥ ಕಿಣ್ವಗಳು ಮೊದಲೇ ಇದ್ದವು. ನೀರು ಕುದಿಯುವ ಹತ್ತಿರದಷ್ಟು ಬಿಸಿಯಾಗದೆ ಅವು ಕೆಲಸ ಮಾಡುತ್ತಿರಲಿಲ್ಲ, ಕಾರ್ಖಾನೆಯೇ ಬೇಕಿತ್ತು. ಕುಮುದಿನಿಯ ಕಿಣ್ವಕ್ಕೆ ಮೈ ತೊಳೆಯುವಷ್ಟು ಹೂಬಿಸಿ ನೀರು ಸಾಕಾಯಿತು. ತೊಳೆಯುವ ಸೋಡಾದ ಜೊತೆ ಬೆರೆಸಿದ ಬೂದುಬಣ್ಣದ ಪುಡಿ. ಒಂದು ಬಕೆಟ್ ನೀರಿಗೆ ಒಂದು ಚಮಚ. ಕತ್ತರಿಸಿ ಹಾಕಿದ ಬಾಟಲಿ ಮರುದಿನಕ್ಕೆ ಇಲ್ಲ. ಅವಳ ಸಹಾಯಕ ಇಮ್ತಿಯಾಜ ಮೊದಲ ಸಲ ಆ ತಿಳಿನೀರನ್ನು ನೋಡಿ, ಬಕೆಟಿನೊಳಗೆ ಕೈ ಹಾಕಿ ತಡಕಾಡಿದ್ದ, ಯಾರೋ ಬಾಟಲಿ ಕದ್ದರೇನೋ ಎಂಬಂತೆ.

ಮನೆಯ ವಸ್ತುಗಳಿಗೆ ಇದರಿಂದ ಅಪಾಯವಿದೆಯೇ ಎಂದು ನೋಡಬೇಕಿತ್ತು. ಸ್ಟೀಲು, ತಾಮ್ರ, ರಬ್ಬರು, ಚರ್ಮ, ಎಲ್ಲವನ್ನೂ ಪರೀಕ್ಷಿಸಿದರು. ಬಟ್ಟೆ ಬೇಕೆಂದಾಗ ಕುಮುದಿನಿ ಮನೆಗೆ ಹೋಗಿ ತನ್ನ ಟ್ರಂಕು ತೆರೆದಳು. ಹತ್ತಿಯ ಇಳಕಲ್ ಸೀರೆಯ ಸೆರಗು, ಅವ್ವನ ರೇಷ್ಮೆಯ ತುಂಡು, ಅಪ್ಪನ ಖಾದಿ ಧೋತರ, ಒಂದು ಉಣ್ಣೆಯ ಶಾಲು. ನಾಲ್ಕೂ ಪುಡಿ ನೀರಿನಲ್ಲಿ ವಾರ ನೆನೆದು, ಹೇಗಿದ್ದವೋ ಹಾಗೇ ಹೊರಗೆ ಬಂದವು. "ಬಟ್ಟೆಗೆ ಅಪಾಯವಿಲ್ಲ" ಎಂದು ಅವಳು ತನ್ನ ದುಂಡು ಅಕ್ಷರಗಳಲ್ಲಿ ಬರೆದಳು.

ಪಾಲಿಯೆಸ್ಟರ್ ಎಂದರೆ ಎಳೆಯಾಗಿ ಎಳೆದ ಬಾಟಲಿಯೇ, ಅಣು ಅದೇ ಎಂದು ಅವಳು ಸಂಶೋಧನಾಲಯಕ್ಕೆ ಬರುವ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಎಷ್ಟು ಸಲ ಪಾಠ ಹೇಳಿರಲಿಲ್ಲ! ಎಳೆದು ನೇಯ್ದದ್ದು ತುಂಬ ಬಿಗಿ, ಕಿಣ್ವ ಅದರೊಳಗೆ ಹೋಗಲಾರದು ಎಂದು ಹಳೆಯ ಪ್ರಬಂಧಗಳಲ್ಲಿ ಓದಿದ್ದಳು. ತನ್ನ ಕಿಣ್ವ ಹಳೆಯದಲ್ಲ ಎಂಬುದು ಆಗ ಹೊಳೆಯಲಿಲ್ಲ. ಇದೂ ನೆಪವೇ. ನಿಜವಾದ ಸಂಗತಿ ಇನ್ನೂ ಸಣ್ಣದು. ಬಟ್ಟೆ ಎಂದೊಡನೆ ಅವಳ ಕೈ ತನ್ನ ಟ್ರಂಕಿನ ಕಡೆಗೆ ಹೋಯಿತು. ಆ ಟ್ರಂಕಿನಲ್ಲಿ ಪಾಲಿಯೆಸ್ಟರ್ ಇರಲಿಲ್ಲ. ಪಾಠದಲ್ಲಿ ಗೊತ್ತಿದ್ದದ್ದು ಟ್ರಂಕಿನ ಮುಂದೆ ನೆನಪಾಗಲಿಲ್ಲ.

ಮೊದಲು ಹತ್ತು ಮನೆಗಳಲ್ಲಿ ಬಳಸಿ ನೋಡಲು ಪುಡಿ ಕೊಟ್ಟರು. ದ್ಯಾಮವ್ವ ತಾನಾಗಿ ಕೇಳಿ ಪಡೆದಳು. "ಬಳಸಿದ ನೀರನ್ನು ಚರಂಡಿಗೆ ಸುರಿಯಿರಿ" ಎಂದು ಪೊಟ್ಟಣದ ಮೇಲೆ ಕೆಂಪು ಅಕ್ಷರದಲ್ಲಿತ್ತು. ಕೊಳವೆಬಾವಿ ಇದ್ದವರು ಬರೆದ ಮಾತು. ಎಂಟು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ, ಸೋಡಾ ಬೆರೆತು ಕೈಗೆ ಜಾರುವ, ಸಾಬೂನು ನೀರಿನಂತಿರುವ ಒಂದು ಬಕೆಟ್ ನೀರನ್ನು ಯಾವ ಹೆಂಗಸು ಚರಂಡಿಗೆ ಸುರಿದಾಳು? ಅದಕ್ಕೆ ಒಂದು ತಂಬಿಗೆ ಬಿಸಿನೀರು ಸೇರಿಸಿ, ಎಲ್ಲರೂ ಅದರಲ್ಲಿ ಬಟ್ಟೆ ನೆನೆಹಾಕಿದರು.

ಸಂಕ್ರಾಂತಿಯ ಮಾರನೆಯ ದಿನ ದ್ಯಾಮವ್ವ ಒಂದು ನೀಲಿ ಬಟ್ಟೆಯ ತುಂಡು ಹಿಡಿದುಕೊಂಡು ಬಂದಳು.

"ಅಕ್ಕಾರ, ಒಂಚೂರ ನೋಡ್ರಿ ಇದನ್ನ. ನಾ ದಿನಾ ಉಡೂ ಸೀರಿ. ಹಿಂಡಾಕ ಹೋದ್ರ ಹಪ್ಪಳ ಮುರದಂಗ ಮುರೀತು. ಆ ಪುಡಿ ನೀರಾಗ ನೆನೀಹಾಕಿದ್ದೆ..."

ಕುಮುದಿನಿಗೆ ಅಂದು ನಗರಸಭೆಯವರು ಬರುವುದಿತ್ತು. ಫೋನು ಕಿವಿಯಲ್ಲಿತ್ತು. ತುಂಡನ್ನು ಬೆರಳಿನಲ್ಲಿ ಮುಟ್ಟಿ, "ಹಳೇದಾಗಿತ್ತ ಬಿಡು ದ್ಯಾಮವ್ವ," ಎಂದಳು. ಅವಳ ಮುಖ ಸಣ್ಣದಾದದ್ದು ಕಂಡು ಮರುದಿನ ಒಂದು ಹೊಸ ಹತ್ತಿ ಸೀರೆ ತಂದುಕೊಟ್ಟಳು, ಜೇನು ಬಣ್ಣದ್ದು, ಕೆಂಪು ದಡಿ. ಪ್ರೀತಿಯಿಂದಲೇ ಕೊಟ್ಟಳು. ದ್ಯಾಮವ್ವ ಅದನ್ನು ಕಣ್ಣಿಗೆ ಒತ್ತಿಕೊಂಡಳು. ಮತ್ತೆ ಆ ಮಾತು ಎತ್ತಲಿಲ್ಲ.

ನೀಲಿ ತುಂಡನ್ನು ಕುಮುದಿನಿ ಒಂದು ಲಕೋಟೆಗೆ ಹಾಕಿ, ಮೂವತ್ತು ವರ್ಷದ ರೂಢಿಯಿಂದ ಮೇಲೆ ದಿನಾಂಕ ಬರೆದು, ಡ್ರಾಯರಿಗೆ ತಳ್ಳಿದಳು.

*

ಯುಗಾದಿಗೆ ಪುಡಿ ಊರಿಗೆಲ್ಲ ಹೋಯಿತು. ವಾರ್ಡು ವಾರ್ಡಿಗೆ ಪೊಟ್ಟಣ, ಮೆರವಣಿಗೆ, ಕುಮುದಿನಿಗೆ ಶಾಲು ಹಾರ. ಮನೆಮನೆಯವರು ಬಾಟಲಿ ಹೊತ್ತೊಯ್ದು, ಗುಡ್ಡ ಒಂದು ಕಡೆಯಿಂದ ಕರಗತೊಡಗಿತು. ಸಿಳ್ಳೆ ದಿನದಿನಕ್ಕೆ ಸಣ್ಣದಾಯಿತು.

ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲೊಂದು ಸೀರೆ, ಇಲ್ಲೊಂದು ಅಂಗಿ ಹರಿದವು. ಪ್ರತಿ ಮನೆಯವರೂ, ಹಳೇದಾಗಿತ್ತು, ಅಂದುಕೊಂಡರು. ಆ ಮಾತು ಮೊದಲು ಯಾರ ಬಾಯಿಂದ ಹೊರಟಿತ್ತು ಎಂಬುದು ಕುಮುದಿನಿಗೂ ದ್ಯಾಮವ್ವನಿಗೂ ಮಾತ್ರ ಗೊತ್ತು.

ಜೂನ್ ಮೊದಲ ಸೋಮವಾರ ಶಾಲೆ ತೆರೆಯಿತು. ಬೇಸಿಗೆಯಿಡೀ ಗಂಟಿನಲ್ಲಿದ್ದ ಯೂನಿಫಾರ್ಮುಗಳನ್ನು ಊರಿನ ತಾಯಂದಿರು ಹಿಂದಿನ ಎರಡು ದಿನ ಚೆನ್ನಾಗಿ ನೆನೆಹಾಕಿ ಒಗೆದಿದ್ದರು. ಪ್ರಾರ್ಥನೆಗೆ ನಿಂತಾಗ ಹೊಲಿಗೆಗಳು ಬಿಟ್ಟವು. ಪಾಲಿಯೆಸ್ಟರ್ ಮತ್ತು ಹತ್ತಿ ಬೆರೆಸಿ ನೇಯ್ದ ಟೆರಿಕಾಟಿನ ಬಟ್ಟೆಯಲ್ಲಿ ಹತ್ತಿ ಎಳೆ ಮಾತ್ರ ಉಳಿದು ಮೀನಿನ ಬಲೆಯ ಹಾಗಾಗಿತ್ತು. ಸರ್ಕಾರಿ ಹೆಣ್ಣುಮಕ್ಕಳ ಶಾಲೆಯಲ್ಲಿ ದೊಡ್ಡ ಹುಡುಗಿಯರು ಯಾರೂ ಹೇಳದೆ ಚಿಕ್ಕವರ ಸುತ್ತ ಕೈ ಕೈ ಹಿಡಿದು ಗೋಡೆಯಾಗಿ ನಿಂತರಂತೆ. ಸಿಟಿ ಬಸ್ಸಿನ ಕಂಡಕ್ಟರೊಬ್ಬ ತನ್ನ ಖಾಕಿ ಕೋಟು ಬಿಚ್ಚಿ ಒಬ್ಬ ಹೆಂಗಸಿಗೆ ಹೊದಿಸಿ, ಬನಿಯನ್ನಿನಲ್ಲೇ ಟಿಕೀಟು ಹರಿದನಂತೆ. ದರ್ಜಿ ಓಣಿಯವರು ಪರದೆ ಬಟ್ಟೆ ಕತ್ತರಿಸಿ ಸಂಜೆತನಕ ಲಂಗ ಹೊಲಿದು ಕೊಟ್ಟರಂತೆ.

ಇವನ್ನೆಲ್ಲ ಕುಮುದಿನಿಗೆ ಹೇಳಿದವನು ಇಮ್ತಿಯಾಜ. ಕೊನೆಗೆ, "ಮೇಡಮ್, ನಮ್ಮ ತಂಗೀನೂ ಆ ಸಾಲಿನ್ಯಾಗ ನಿಂತಿದ್ಲು," ಎಂದ.

ಸಮಿತಿ ಬಂತು. ಒಂದು ವಾರದಲ್ಲಿ ವರದಿಯ ಕರಡು ಕುಮುದಿನಿಯ ಸಹಿಗೆ ಬಂತು. ಕೊನೆಯ ಸಾಲು ಹೀಗಿತ್ತು: "ಪೊಟ್ಟಣದ ಮೇಲಿನ ಸೂಚನೆಯನ್ನು ಬಳಕೆದಾರರು ಪಾಲಿಸದೆ ಇದ್ದುದೇ ಹಾನಿಗೆ ಕಾರಣ. ಇಂಥ ಪರಿಣಾಮವಾದೀತೆಂಬ ಮುನ್ಸೂಚನೆ ಯಾರಿಗೂ ಇರಲಿಲ್ಲ."

ಕುಮುದಿನಿ ಡ್ರಾಯರು ಎಳೆದಳು. ಲಕೋಟೆ ಅಲ್ಲೇ ಇತ್ತು.

*

ದ್ಯಾಮವ್ವನ ಮನೆ ಜನತಾ ಪ್ಲಾಟಿನಲ್ಲಿ. ಹನ್ನೆರಡು ವರ್ಷದಲ್ಲಿ ಕುಮುದಿನಿ ಅಲ್ಲಿಗೆ ಹೋದದ್ದು ಮಾದೇವಿ ತೀರಿಕೊಂಡ ದಿನ ಒಮ್ಮೆ, ಈಗ ಒಮ್ಮೆ. ಒಂದೇ ಕೋಣೆ. ಗೋಡೆಯುದ್ದಕ್ಕೂ ನೀರಿನ ಪಾತ್ರೆಗಳು. ಕೊಪ್ಪರಿಗೆ, ಡ್ರಮ್ಮು, ಪ್ಲಾಸ್ಟಿಕ್ ಕೊಡಗಳು. ಒಂದು ನೀಲಿ ಕೊಡ ಮಾತ್ರ ದೇವರ ಗೂಡಿನ ಕೆಳಗೆ ಬೇರೆಯಾಗಿ ಕುಳಿತಿತ್ತು. ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು.

"ಜನವರಿಯೊಳಗ ನೀ ತಂದು ತೋರಿಸಿದ್ದಿ ಅಂತ ನಾ ಸಮಿತಿ ಮುಂದ ಹೇಳಾಕಿ ಇದ್ದೀನಿ. ನಿನ್ನ ಹೆಸರು ಹೇಳಬಹುದೇನು ಅಂತ ಕೇಳಾಕ ಬಂದೆ," ಎಂದಳು ಕುಮುದಿನಿ.

"ಹೇಳ್ರಿ. ಅದರಾಗೇನೈತಿ." ದ್ಯಾಮವ್ವ ಸೆರಗಿನಿಂದ ಸ್ಟೂಲು ಒರೆಸಿ ಮುಂದಿಟ್ಟಳು.

ಪಕ್ಕದ ಮನೆಯ ಹೆಂಗಸು ಬಾಗಿಲಲ್ಲಿ ಇಣುಕಿದಳು. "ಬಾಯಾರ, ನೀವರ ಹೇಳ್ರಿ ಈಕಿಗೆ. ಹ್ವಾದ ತಿಂಗಳ ಹತ್ತ ದಿನ ನೀರ ಬರಲಿಲ್ಲ. ಒಂದ ಕೊಡ ನೀರ ಕೊಡ ಯವ್ವಾ ಅಂದ್ರ ಆ ನೀಲಿ ಕೊಡ ಮುಟ್ಟಸ್ಲಿಲ್ಲ. ಗಂಗಿ ನೀರ ಐತೋ ಏನೋ ಅದರಾಗ!"

"ಹೋಗವಾ ಸುಮ್ನ," ಎಂದು ದ್ಯಾಮವ್ವ ಅವಳನ್ನು ಕಳಿಸಿದಳು. ಆಮೇಲೆ ಕೊಡದ ಬಾಯಿಯ ಬಟ್ಟೆಯನ್ನು ಬಿಗಿ ಮಾಡಿದಳು.

"ಏನದ ಅದರೊಳಗ?" ಕುಮುದಿನಿ ಕೇಳಿದಳು.

"ಮಾದೇವಿ ಸೀರಿ ಐತ್ರಿ."

ಮೊದಲ ಪಗಾರದಲ್ಲಿ ಮಾದೇವಿ ಕೊಂಡ ಪಾಲಿಯೆಸ್ಟರ್ ಸೀರೆ. ಹಸಿರು ಮೈ, ಹಳದಿ ಚುಕ್ಕಿ. ಅಂಗಡಿಯವನಿಗೆ ಯಾಕೆ ಕೊಡಬೇಕೆಂದು, ಕೆಳಗಿನ ಅಂಚಿಗೆ ಒಳಗಡೆ ಹಚ್ಚುವ ಫಾಲನ್ನು ತಾನೇ ಕುಳಿತು ಹೊಲಿದಿದ್ದಳು. ಎರಡು ಸಲ ಉಟ್ಟಿದ್ದಳು. ವರ್ಷಕ್ಕೊಮ್ಮೆ ದ್ಯಾಮವ್ವ ಅದನ್ನು ತೆಗೆದು, ನೀರು ಕಾಣಿಸಿ, ನೆರಳಿನಲ್ಲಿ ಒಣಗಿಸಿ ಇಡುತ್ತಿದ್ದಳು. ಈ ವರ್ಷ ಫೆಬ್ರವರಿಯಲ್ಲಿ ಹೂಬಿಸಿ ಪುಡಿ ನೀರಿನಲ್ಲಿ ನೆನೆಹಾಕಿದ ದಿನವೇ ತವರಿನಿಂದ ಅಣ್ಣ ಹೋದ ಸುದ್ದಿ ಬಂತು. ಹೋಗಿ ಮಣ್ಣು ಕೊಟ್ಟು ಮೂರು ದಿನಕ್ಕೆ ಮರಳಿ ಬಂದು ಬಕೆಟಿಗೆ ಕೈ ಹಾಕಿದಳು. ಕೈಗೆ ಸಿಕ್ಕಿದ್ದು ಫಾಲು ಮಾತ್ರ. ಹತ್ತಿಯ ಪಟ್ಟಿ, ಉದ್ದಕ್ಕೂ ಸೂಜಿಯ ತೂತುಗಳು.

"ಚೆಲ್ಲಾಕ ಮನಸ ಆಗಲಿಲ್ಲರಿ. ಕೊಡಕ್ಕ ತುಂಬಿ ಇಟ್ಟೆ. ಕೊಡಾ ಕರಗೂದಿಲ್ಲ ಅಂತ ನೀವ ಹೇಳಿದ್ರಲ್ರಿ, ಕೈ ಇಲ್ಲ ಅದಕ್ಕ ಅಂತ."

ಕುಮುದಿನಿ ಕೊಡದ ಕಡೆಗೆ ನೋಡಿದಳು. "ಗೊತ್ತಿದ್ದೂ ಆ ನೀರಿನ್ಯಾಗ ಯಾಕ ಹಾಕಿದಿ? ಜನವರಿಯೊಳಗ ನಿನಗ ಅನುಮಾನ ಬಂದಿತ್ತಲ್ಲ."

"ಹಳೇದಾಗಿತ್ತ ಅಂದ್ರೆಲ್ರಿ ನೀವು." ಅದರಲ್ಲಿ ದೂರು ಇರಲಿಲ್ಲ. "ಇದು ಹೊಸಾದಲ್ರಿ, ಎರಡ ಸಲ ಉಟ್ಟಿದ್ದು. ಇದಕ್ಕ ಏನಾಗತೈತಿ ಅಂದ್ಕೊಂಡೆ."

"ಆಗರ ಬಂದು ಹೇಳಬಾರದಾಗಿತ್ತೇನು?"

"ಹೆಂಗ ಹೇಳ್ಲಿ ಅಕ್ಕಾರ? ಅಷ್ಟ ಚಲೋ ಸೀರಿ ಕೊಟ್ಟಿದ್ರಿ. ಹೇಳಿದ್ರ ಇನ್ನೊಂದ ಕೊಡಾಕ ಬರ್ತಿದ್ರಿ ನೀವು. ದವಾಖಾನ್ಯಾಗ ಎರಡ ದಿನಾ ನನ್ನ ಬಾಜೂ ಕೂತಾವ್ರ. ನಿಮಗ ಕೆಟ್ಟ ಅನಸಬಾರದು ಅಂತ ಸುಮ್ನಾದೆ." ಅವಳು ತಲೆ ತಗ್ಗಿಸಿದಳು. "ನಾ ಹೇಳಿದ್ರ ಆ ಸಾಲಿ ಹುಡುಗ್ಯಾರಿಗೆ ಹಂಗ ಆಗ್ತಿದ್ದಿಲ್ಲೇನೋ. ಅದ ಒಂದ ಕೊರೀತೈತ್ರಿ."

"ನೀ ಹೇಳಿದ್ದಿ ದ್ಯಾಮವ್ವಾ. ಕೇಳದಾಕಿ ನಾನು."

*

ಸಮಿತಿಯ ಅಧ್ಯಕ್ಷರು ಲಕೋಟೆಯನ್ನು ಬೆಳಕಿಗೆ ಹಿಡಿದು ದಿನಾಂಕ ಓದಿದರು. ಒಳ್ಳೆಯ ಮನುಷ್ಯ. "ಇದನ್ನ ನೀವು ತೋರಿಸಲೇಬೇಕಂತ ಇಲ್ಲ ಮೇಡಮ್," ಎಂದು ಮೆಲ್ಲಗೆ ಹೇಳಿದರು.

"ಬಳಕೆದಾರರ ತಪ್ಪು ಅನ್ನೋ ಸಾಲು ತೆಗೀರಿ. ಎಂಟು ದಿನಕ್ಕೊಮ್ಮೆ ನೀರು ಬರೋ ಊರಾಗ ನೀರು ಚೆಲ್ಲರಿ ಅಂತ ಬರದಾಕಿ ನಾನು. ಒಬ್ಬಾಕಿ ಬಂದು ತೋರಿಸಿದ್ರೂ ನೋಡದಾಕಿ ನಾನು."

ಸಾಲು ಹೋಯಿತು. ಪುಡಿಯೂ ನಿಂತಿತು. ತಿಂಗಳ ಕೊನೆಗೆ ಕೆಲಸ ಬಿಡಬೇಕೆಂದು ಅವಳಿಗೆ ಆದೇಶ ಬಂತು. ಉಳಿದದ್ದು ಹದಿನೈದು ದಿನ. ಗುಡ್ಡದ ಅರ್ಧ ಹಾಗೇ ಇತ್ತು, ಗಾಳಿ ಬಂದಾಗ ಮತ್ತೆ ಸಿಳ್ಳೆ.

ಆ ಹದಿನೈದು ದಿನ ಅವಳು, ಕರಗಿದ ಸೀರೆಯನ್ನು ಮತ್ತೆ ನೂಲಾಗಿಸಲು, ನೀಲಿ ಕೊಡದ ಜೊತೆ ಕಳೆದಳು. ದ್ಯಾಮವ್ವನೇ ಅದನ್ನು ಸಿಂಬಿಯ ಮೇಲಿಟ್ಟು ಹೊತ್ತು ತಂದಿದ್ದಳು, ಆಟೋದಲ್ಲಿ ತುಳುಕೀತೆಂದು.

ಮೊದಲು ನೀರನ್ನು ಸೋಸಿದಳು. ಪಾಲಿಯೆಸ್ಟರಿನ ಬಣ್ಣ ಎಳೆಗೆ ಕೈ ಕೊಟ್ಟು ಹಿಡಿದುಕೊಂಡಿರುವುದಿಲ್ಲ, ಸರಪಳಿಗಳ ನಡುವೆ ಸಿಕ್ಕಿಕೊಂಡಿರುತ್ತದೆ ಅಷ್ಟೇ. ಸರಪಳಿ ಬಿಚ್ಚಿದಾಗ ಅದು ತಳಕ್ಕೆ ಇಳಿದಿತ್ತು. ಸೋಸುವ ಕಾಗದದ ಮೇಲೆ ಕುಂಕುಮದಷ್ಟು ನುಣ್ಣಗಿನ ಕೆಸರು ನಿಂತಿತು. ಆಮೇಲೆ ತಿಳಿನೀರಿಗೆ ಹನಿ ಹನಿಯಾಗಿ ಆಮ್ಲ ಬಿಟ್ಟಳು. ನೀರು ಮಜ್ಜಿಗೆಯಂತಾಯಿತು. ಬಿಳಿ ಪುಡಿ ಕೆಳಗಿಳಿಯಿತು. ಬಿಟ್ಟುಹೋದ ಕೈಗಳು.

ಅವನ್ನು ಮತ್ತೆ ಹಿಡಿಸುವುದು ಕಷ್ಟ. ಹೆಚ್ಚಿನ ಉರಿ ಬೇಕು, ಗಾಳಿ ಹೀರಿದ ಪಾತ್ರೆ ಬೇಕು, ಹೊರಬೀಳುವ ನೀರಿನ ಹನಿಯನ್ನು ತೆಗೆಯುತ್ತಲೇ ಇರಬೇಕು. ಎರಡು ಸಲ ಕಪ್ಪಾಗಿ ಸುಟ್ಟುಹೋಯಿತು. ಮೂರನೆಯ ಸಲ ಜೇನಿನಂತೆ ದಪ್ಪಗಾಯಿತು. ಇಮ್ತಿಯಾಜ ಗಾಜಿನ ಕಡ್ಡಿ ಅದ್ದಿ ಹಿಂದಕ್ಕೆ ನಡೆದ. ಕಡ್ಡಿಯ ತುದಿಯಿಂದ ಪಾತ್ರೆಯವರೆಗೆ ಒಂದು ಎಳೆ, ಜೇಡನ ನೂಲಿನಂಥದು, ಕೋಣೆಯ ಉದ್ದಕ್ಕೂ ಮಿಂಚಿತು.

ಬಣ್ಣ ಏರಿಸಲು ಕುಮುದಿನಿ ಮನೆಯಿಂದ ತನ್ನ ಕುಕ್ಕರು ತಂದಳು. ಸೋಸಿದ ಕೆಸರು, ನೀರು, ನೂಲು. ಆರು ಸೀಟಿ. ಕುಕ್ಕರು ಕೂಗಿದಾಗ ದ್ಯಾಮವ್ವ ತೊಳೆಯುವ ತೊಟ್ಟಿಯ ಹತ್ತಿರದಿಂದ, "ಈಗ ನೋಡ್ರಿ ಅಡಗಿ ಮಾಡಿದಂಗ ಆತು," ಎಂದಳು.

ಬಂದದ್ದು ಒಂದು ನಿಂಬೆಹಣ್ಣಿನಷ್ಟು ನೂಲುಂಡೆ. ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ತೆಳುವು. ಗಿಣಿಹಸಿರು ಬಣ್ಣ.

ದ್ಯಾಮವ್ವ ಅದನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. "ಹಳದಿ ಚುಕ್ಕಿ ಎಲ್ಲಿ ಹೋದ್ವ್ರಿ?"

"ಹಸಿರಿನ್ಯಾಗ ಕೂಡ್ಯಾವ. ಬ್ಯಾರೆ ಮಾಡಾಕ ನನಗ ಬರಲಿಲ್ಲ." ಕುಮುದಿನಿ ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಒಮ್ಮೆ ಒಳ್ಳೆಯ ಮಾತಿನಿಂದ ಬಾಯಿ ಮುಚ್ಚಿಸಿದವಳು ಇನ್ನೊಮ್ಮೆ ಹಾಗೆ ಮಾಡಬಾರದು. "ಇನ್ನೊಂದು ಮಾತು ಹೇಳಬೇಕು ದ್ಯಾಮವ್ವ. ಆ ನೀರಿನ್ಯಾಗ ಮೊದಲ ಬಾಟ್ಲಿನೂ ಕರಗಿದ್ವು. ಬಾಟ್ಲಿದೂ ಸೀರೀದೂ ಒಂದ ಅಣು. ಈ ನೂಲಿನ್ಯಾಗ ಮಾದೇವಿ ಸೀರಿ ಎಷ್ಟದ, ಬಾಟ್ಲಿ ಎಷ್ಟದ, ಯಾವ ಮಶೀನೂ ಹೇಳೂದಿಲ್ಲ. ನನಗೂ ಗೊತ್ತಿಲ್ಲ."

ದ್ಯಾಮವ್ವ ನೂಲುಂಡೆ ತಿರುಗಿಸಿದಳು. "ಬಾಟ್ಲಿಗೆ ಬಣ್ಣ ಇರಲಿಲ್ಲ ಹೌದಲ್ರಿ?"

"ಇರಲಿಲ್ಲ."

"ಹಂಗಾರ ಬಣ್ಣ ಆಕೀದ."

"ಹೌದು. ಬಣ್ಣ ಪೂರಾ ಆಕೀದ."

ಮರುದಿನ ಕುಮುದಿನಿಯ ಕೊನೆಯ ದಿನ. ಪುಸ್ತಕ ಕಟ್ಟಿ, ಡ್ರಾಯರು ಬರಿದು ಮಾಡಿ, ನಾಲ್ಕು ಗಂಟೆಗೆ ತಲೆ ಎತ್ತಿದಾಗ ಮೇಜಿನ ಮೇಲೆ ಬಸಿ ಮುಚ್ಚಿದ ಚಹಾ ಇತ್ತು. ದ್ಯಾಮವ್ವ ಜನವರಿಯ ಆ ಜೇನುಬಣ್ಣದ ಸೀರೆ ಉಟ್ಟು ನಿಂತಿದ್ದಳು. ಐದು ತಿಂಗಳಲ್ಲಿ ಅದನ್ನು ಒಮ್ಮೆಯೂ ಉಟ್ಟಿರಲಿಲ್ಲ ಎಂಬುದು ಕುಮುದಿನಿಗೆ ಈಗ ತಿಳಿಯಿತು.

"ಫಾಲ್ ಇರಲಿಲ್ರಿ ಇದಕ್ಕ. ನಿನ್ನಿ ಕೂತು ಹಚ್ಚಿದೆ," ಎಂದು ದ್ಯಾಮವ್ವ ಬಗ್ಗಿ ನಿರಿಗೆಯ ಅಂಚನ್ನು ಮಗುಚಿ ತೋರಿಸಿದಳು. ಒಳಗೆ ಮಾದೇವಿಯ ಫಾಲು. ಹಳೆಯ ತೂತುಗಳಲ್ಲೇ, ಒಂದನ್ನೂ ತಪ್ಪಿಸದೆ, ಗಿಣಿಹಸಿರು ನೂಲು ಓಡಿತ್ತು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ.

ಅಂಚು ಬಿಟ್ಟು ನೆಟ್ಟಗಾಗಿ ಅವಳು ಕೇಳಿದಳು. "ಅಕ್ಕಾರ, ಇದನ್ನ ಒಗೀಬೌದಲ್ರಿ? ತಣ್ಣೀರಾಗ?"

ಕುಮುದಿನಿ ಚಹಾದ ಲೋಟ ಕೆಳಗಿಟ್ಟಳು. ಪುಡಿ ನಿಂತಿದ್ದರೂ ಪೊಟ್ಟಣಗಳು ಇನ್ನೂ ಎಷ್ಟೋ ಮನೆಗಳಲ್ಲಿದ್ದವು, ಬಕೆಟುಗಳ ತಳದಲ್ಲಿ ಅದರ ಸೋಂಕು ಇತ್ತು. ಬಾಯಿಗೆ ಬಂದ ಸಮಾಧಾನದ ಮಾತನ್ನು ನುಂಗಿಕೊಂಡಳು.

"ನೋಡಿ ಹೇಳತೀನಿ," ಎಂದಳು. "ನೂಲು ಉಳದದೇನು?"

ದ್ಯಾಮವ್ವ ಸೊಂಟದಿಂದ ಗೇಣುದ್ದದ ಎಳೆ ತೆಗೆದುಕೊಟ್ಟಳು. "ನಿಮ್ಮ ಮನೀ ನೀರ ಬ್ಯಾಡ್ರಿ ಮತ್ತ," ಎಂದಳು. "ನಮ್ಮನಿ ಬಕೀಟ ತರ್ತೀನಿ. ಅದರಾಗ ಹಾಕಿ ನೋಡ್ರಿ."

ಕಟ್ಟಿದ ಗಂಟುಗಳನ್ನು ಪಕ್ಕಕ್ಕೆ ಸರಿಸಿ, ಕುಮುದಿನಿ ಒಂದು ಲಕೋಟೆ ತೆಗೆದು, ಎಳೆಯನ್ನು ಒಳಗಿಟ್ಟು, ಮೇಲೆ ದಿನಾಂಕ ಬರೆದಳು. ಈ ಸಲ ಅದನ್ನು ಡ್ರಾಯರಿಗೆ ಹಾಕಲಿಲ್ಲ. ಬಕೆಟು ಬರಲೆಂದು ಕಾಯದೆ, ಅದನ್ನು ಕೈಯಲ್ಲಿ ಹಿಡಿದುಕೊಂಡೇ, ದ್ಯಾಮವ್ವನ ಹಿಂದೆ ಜನತಾ ಪ್ಲಾಟಿನ ಕಡೆಗೆ ನಡೆದಳು. ಅಂದು ಏಳನೆಯ ದಿನ. ನಲ್ಲಿಗೆ ನೀರು ಬರಲು ಇನ್ನೂ ಒಂದು ದಿನವಿತ್ತು.